ಮುದಿ ಪಾರಿವಾಳ ಮಾತಾಡಲಿಲ್ಲ

ಐದನೆಯ ತರಗತಿಯ ಮಕ್ಕಳ ಮೇಲೆ ಶ್ರೀಶೈಲ ಮಾಸ್ತರರಿಗೆ ದೊಡ್ಡ ತಕರಾರಿತ್ತು. ಕಥೆ ಎಂಥದೇ ಇರಲಿ, ಇದರ ತಿರುಳೇನು ಎಂದು ಕೇಳಿದರೆ ಇಡೀ ವರ್ಗ ಒಂದೇ ರಾಗದಲ್ಲಿ "ಜಗಳಾ ಮಾಡಬಾರದ್ರಿ ಸರ್" ಎನ್ನುತ್ತಿತ್ತು. ಬಾಯಾರಿದ ಆನೆ ನೀರು ಹುಡುಕಿಕೊಂಡು ಹೋದ ಕಥೆಗೂ ಅದೇ ಉತ್ತರ. (ಆ ಕಥೆಯಲ್ಲಿದ್ದದ್ದು ಒಂದೇ ಆನೆ. ಪಾಪ, ಜಗಳ ಯಾರ ಜೊತೆ ಮಾಡೀತು?) ಮಕ್ಕಳ ತಲೆಗೆ ತಿರುಳು ಹೊಳೆಯುವುದಾದರೂ ಹೇಗೆ ಎಂಬ ಕುತೂಹಲ ಅವರನ್ನು ಬಿಡಲೊಲ್ಲದು. ಶಾಲೆ ಬಿಟ್ಟು ಹುನಗುಂದದಲ್ಲಿ ಬಸ್ಸು ಹತ್ತಿ, ಮನೆಯಿದ್ದ ಇಳಕಲ್ಲಿನಲ್ಲಿ ಇಳಿಯುವಷ್ಟರಲ್ಲಿ ಒಂದು ಮಹಾಸಂಶೋಧನೆಯ ರೂಪರೇಷೆ ತಯಾರಾಗಿತ್ತು. ಪ್ರಯೋಗಕ್ಕೆ ಮನೆಯಲ್ಲಿ ಮಗಳು ಶಿವಲೀಲಾ ಇದ್ದೇ ಇದ್ದಳು.

"ಕಥಿಯೊಳಗ ಏನ ಆತು ಅನ್ನೂದು ಬ್ಯಾರೆ, ಕಥಿ ಯಾತರದು ಅನ್ನೂದು ಬ್ಯಾರೆ," ಎಂದು ಅವಳನ್ನು ಎದುರಿಗೆ ಕೂರಿಸಿಕೊಂಡರು. "ಯಾರಿಗೆ ಏನ ಬೇಕಾಗೇತಿ ನೋಡು. ಅಡ್ಡ ಯಾರ ಬಂದಾರ ನೋಡು. ಯಾರು ಬಾಯಿ ಬಿಟ್ಟಿಲ್ಲ, ಅದನ್ನೂ ನೋಡು."

ಫಲ ಅಂದು ಸಂಜೆಯೇ ಸಿಕ್ಕಿತು. ಮಾಸ್ತರರ ತಾಯಿ ಸಿದ್ದಲಿಂಗವ್ವ ಬೇಕಾದ್ದನ್ನು ನೇರವಾಗಿ ಕೇಳುವವರಲ್ಲ, ಕಥೆ ಕಟ್ಟುವವರು. ಮೊಮ್ಮಗಳನ್ನು ಕರೆದು ಶುರು ಮಾಡಿದರು: "ಒಂದೂರಾಗ ಒಂದು ಗುಬ್ಬಿ ಇತ್ತಂತ. ಗಂಟಲಾ ಒಣಗಿ ಕಟ್ಟಿಗಿ ಆಗಿತ್ತಂತ. ಒಳಗ ಬೋಗಾಣಿ ಸಪ್ಪಳ ಕೇಳತಿತ್ತಂತ, ಆದರ ಯಾರೂ..."

"ಅವ್ವಾ, ಆಯಿಗೆ ಇನ್ನೊಮ್ಮೆ ಚಹಾ ಬೇಕಂತ!" ಎಂದು ಶಿವಲೀಲಾ ಅಡುಗೆಮನೆಗೆ ಕೂಗಿದಳು.

"ಇದರ ಮುಂದ ಕಥಿ ಹೇಳೂದ ಕಷ್ಟ ಆತಲ್ಲೋ," ಎಂದು ಸಿದ್ದಲಿಂಗವ್ವ ಮಗನಿಗೆ ಹೇಳಿದರು. ಚಹಾ ಮಾತ್ರ ಬಿಡಲಿಲ್ಲ. ಮಾಸ್ತರರು ಹಿಗ್ಗಿ ಹೀರೆಕಾಯಿಯಾದರು.

ನಾಗರ ಪಂಚಮಿ ಹತ್ತಿರ ಬರುತ್ತ ಆ ಹಿಗ್ಗು ಸಣ್ಣದಾಯಿತು. ಹೆಂಡತಿ ದಾನೇಶ್ವರಿ ಹೋದ ವರ್ಷವೂ ಹಬ್ಬಕ್ಕೆ ತವರಿಗೆ ಹೋಗಿರಲಿಲ್ಲ. ಈ ಸಲ ಅಣ್ಣ ಬಸಯ್ಯ ಕೆರೂರಿನಿಂದ ಫೋನು ಮಾಡಿ, ನಾಳೆ ಗಾಡಿ ತರುವುದಾಗಿ ಹೇಳಿದ್ದ. ತಾಯಿಯನ್ನು ಕೇಳಿ ಒಪ್ಪಿಸುವ ಕೆಲಸ ಮಾಸ್ತರರದು. ಅವರು ಕೇಳಿರಲೇ ಇಲ್ಲ. ತಾಯಿಗೆ ಮಂಡಿನೋವು, ಒಲೆಯ ಮುಂದೆ ಕೂರಲಾರರು. ದಾನೇಶ್ವರಿ ಹೋದರೆ ಮಾಡಿಟ್ಟ ಒಣ ಕಟಿರೊಟ್ಟಿ ಮುರಿದು ತಿನ್ನಬೇಕು. ಮಾಸ್ತರರಿಗೋ, ಹೆಂಚಿನಿಂದ ನೇರ ತಾಟಿಗೆ ಬಿದ್ದ ರೊಟ್ಟಿಯಲ್ಲದೆ ಬೇರೆಯದು ಗಂಟಲಲ್ಲಿ ಇಳಿಯದು.

"ಏನ್ರಿ, ಅತ್ತಿ ಏನಂದ್ರು?" ಎಂದು ಊಟಕ್ಕೆ ಬಡಿಸುತ್ತ ದಾನೇಶ್ವರಿ ಕೇಳಿದಳು.

"ಅವ್ವ ಒಪ್ಪವಲ್ಲಳು ನೋಡು. ನಾ ಏನ ಮಾಡ್ಲಿ?"

ದಾನೇಶ್ವರಿಯ ಕಣ್ಣಲ್ಲಿ ನೀರು ತುಂಬಿತು, ಪಲ್ಯದ ಸೌಟು ತಾಟಿಗೆ ಬಡಿಯಿತು. ಮಾಸ್ತರರಿಗೆ ಕರುಳು ಚುರ್ರೆಂದಿತು. ಆದರೂ ಎದುರಿಗಿದ್ದ ಬಿಸಿರೊಟ್ಟಿಯ ಆವಿ ಆ ಕರುಳನ್ನು ಸಮಾಧಾನಪಡಿಸಿತು. ತಾಯಿ ಪಡಸಾಲೆಯಲ್ಲಿ ನಿದ್ದೆಹೋಗಿದ್ದಾರೆಂದುಕೊಂಡು, ಹೆಂಡತಿಗೆ ತಾಗುವಂತೆ ಮಗಳಿಗೊಂದು ಕಥೆ ಹೇಳತೊಡಗಿದರು.

"ಒಂದು ಗೂಡಿನ್ಯಾಗ ಗಂಡು ಪಾರಿವಾಳ, ಹೆಣ್ಣು ಪಾರಿವಾಳ ಇದ್ವು. ಹೆಣ್ಣಿಗೆ ತವರಿಗೆ ಹೋಗೂ ಆಶಾ. ಗಂಡಿನ ಮನಸು ಬೆಣ್ಣಿ, ಹೋಗು ಅಂತಿತ್ತು. ಆದರ ಗೂಡಿನ್ಯಾಗ ಒಂದು ಮುದಿ ಪಾರಿವಾಳ ಇತ್ತು, ಅದು ಒಪ್ಪಲಿಲ್ಲ. ಹೆಣ್ಣು ಭಾಳ ಶಾಣ್ಯಾ. ತಿಳಕೊಂಡು ಗೂಡಿನ್ಯಾಗ ಉಳೀತು, ಗಂಡಿಗೆ ಬಿಸಿ ಬಿಸಿ ಕಾಳು ತಿನಿಸ್ತು. ಎಲ್ಲಾರೂ ಸುಖದಿಂದ ಇದ್ದರು. ಹೇಳು, ತಿರುಳೇನು?"

ಶಿವಲೀಲಾ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಯೋಚಿಸಿದಳು.

"ಅಪ್ಪಾ, ಪಾರಿವಾಳ ಬಿಸಿ ಕಾಳು ತಿಂತಾವೇನು?"

"ಕಥಿಯೊಳಗ ತಿಂತಾವು. ಮುಂದ ಹೇಳು."

"ಹೆಣ್ಣಿಗೆ ತವರ ಬೇಕು. ಗಂಡಿಗೆ ಬಿಸಿ ಕಾಳ ಬೇಕು. ಮುದಿ ಪಾರಿವಾಳ ಕಥಿ ತುಂಬ ಒಂದ ಮಾತೂ ಆಡಿಲ್ಲ. ಅದು ಒಪ್ಪಲಿಲ್ಲ ಅಂತ ಹೇಳಿದ್ದು ಗಂಡು." ಅವಳ ಕಣ್ಣುಗಳು ಅರಳಿದವು. "ಗಂಡು ಅದನ್ನ ಕೇಳೇ ಇಲ್ಲಪಾ!"

"ಭೇಷ್!" ಎಂದು ಮಾಸ್ತರರು ತೊಡೆ ತಟ್ಟಿ ಕೂಗಿದರು. ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ಇಂಥ ಉತ್ತರ ಕೇಳಿರಲಿಲ್ಲ. "ಖರೇ ಹೇಳಿದಿ ನೋಡು! ಕೇಳೇ ಇಲ್ಲ! ಅದ..."

ದಾನೇಶ್ವರಿ ಸೌಟು ಕೆಳಗಿಟ್ಟಳು. ಮಾಸ್ತರರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

"ಮುದಿ ಪಾರಿವಾಳ ಎಚ್ಚರ ಐತಿ!" ಎಂದು ಪಡಸಾಲೆಯಿಂದ ಧ್ವನಿ ಬಂತು. "ದಾನವ್ವಾ, ನನ್ನ ಯಾರೂ ಏನೂ ಕೇಳಿಲ್ಲವಾ. ಕೇಳಿದ್ರ ಬ್ಯಾಡ ಅಂತಿದ್ನೇನು? ನಾನೂ ನನ್ನ ತವರು ಕಂಡು ಯಾವ ಕಾಲ ಆತು! ನಿಮ್ಮಣ್ಣನ ಗಾಡಿಯೊಳಗ ನನ್ನೂ ಬೇವೂರಾಗ ಇಳಿಸು."

"ಅವ್ವಾ, ಮತ್ತ ನನ್ನ ಊಟಾ?" ಎಂದರು ಮಾಸ್ತರರು.

ಅಷ್ಟರಲ್ಲಿ ದಾನೇಶ್ವರಿ ಒಲೆ ಆರಿಸಿ ಸೀರೆ ಮಡಚಲು ಹೋಗಿದ್ದಳು.

ಮರುದಿನ ಬಸಯ್ಯನ ಗಾಡಿ ಬಂತು. ಅಜ್ಜಿ ಮುಂದೆ ಕೂತರು, ತಾಯಿ ಮಗಳು ಹಿಂದೆ. ಚೀಲಗಳನ್ನೆಲ್ಲ ಹೊತ್ತು ತಂದು ಇಟ್ಟವರು ಮಾಸ್ತರರೇ. ಗಾಡಿ ಹೊರಡುವಾಗ ಶಿವಲೀಲಾ ಕಿಟಕಿಯಿಂದ ತಲೆ ಹೊರಗೆ ಹಾಕಿ, ನಿಜವಾದ ಕುತೂಹಲದಿಂದ ಕೇಳಿದಳು:

"ಅಪ್ಪಾ, ಎಲ್ಲಾರೂ ಹಾರಿ ಹೋದ ಮ್ಯಾಲೆ ಗಂಡು ಪಾರಿವಾಳ ಏನ ಮಾಡ್ತು?"

ಗಾಡಿಯ ಒಳಗಿನಿಂದ ದಾನೇಶ್ವರಿಯೇ ಕಥೆ ಮುಗಿಸಿದಳು.

"ರೊಟ್ಟಿ ಬಡಿಯೂದು ಕಲೀತು ನೋಡವಾ. ಏನ್ರಿ, ಹಿಟ್ಟು ಡಬ್ಬಿಯೊಳಗ ಐತ್ರಿ, ನೀರು ಕುದಿಸಿ ಹಾಕ್ರಿ."