ದಾಕ್ಷಾಯಣಮ್ಮನ ಫ್ರಿಜ್ಜಿನಲ್ಲಿ ಕೂಡದ ಯೀಸ್ಟು

ಫ್ರಿಜ್ಜು ಕೆಟ್ಟಿದ್ದು ಶಿವಮೊಗ್ಗದ ಕಾಲೇಜಿನಲ್ಲಿ. ಕಷ್ಟ ಶುರುವಾಗಿದ್ದು ಭದ್ರಾವತಿಯಲ್ಲಿ. ಸಂಶೋಧನೆ ಮಾಡುತ್ತಿದ್ದ ಅತುಲ್ ತನ್ನ ಯೀಸ್ಟಿನ ಮೂರು ಟ್ಯೂಬುಗಳನ್ನು ಥರ್ಮಾಸಿನಲ್ಲಿಟ್ಟು ಬಸ್ಸಿನಲ್ಲಿ ತಂದು, ತಾನು ಬಾಡಿಗೆಗಿದ್ದ ಮಹಡಿ ರೂಮಿನ ಒಡತಿ ದಾಕ್ಷಾಯಣಮ್ಮನನ್ನು ಕೇಳಿಯೇ ಅವರ ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಇಟ್ಟಿದ್ದ.

ಆ ಭಾನುವಾರ ಹೆಪ್ಪಿಗೆಂದು ಬಂದ ಪಕ್ಕದ ಮನೆಯ ಪುಷ್ಪಮ್ಮ ಫ್ರಿಜ್ಜಿನೊಳಗೆ ಮೂಗು ತೂರಿಸಿದರು.

"ಹೆಂಡದ ವಾಸನೆ ಕಣ್ರೀ."

ಲಿಂಗ ಕಟ್ಟಿದವರ ಮನೆಯಲ್ಲಿ ಹೆಂಡ! ಯಜಮಾನ ಓಂಕಾರಪ್ಪ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಮಹಡಿ ಹತ್ತಿದರು. "ಏನಪ್ಪಾ ಅದು? ನಿಜ ಹೇಳು."

ಅತುಲ್ ನಿಜ ಹೇಳಿದ. ಅದೇ ತಪ್ಪಾಯಿತು.

"ಹೆಂಡ ಅಲ್ಲ ಸಾರ್, ಬ್ರೆಡ್ ಉಬ್ಬಿಸೋ ಯೀಸ್ಟು. ಹೆಣ್ಣು-ಗಂಡಿನ ಹಾಗೆ ಎರಡು ಬಗೆ. ಒಂದರ ವಾಸನೆ ಹತ್ತಿದ್ರೆ ಇನ್ನೊಂದು ಆ ಕಡೆ ಮೂತಿ ಚಾಚುತ್ತೆ. ಯಾವ ಕಡೆ ಅಂತ ಸುದ್ದಿ ಮುಟ್ಟಿಸೋದು ಮೈಮೇಲಿನ ಜಿಡ್ಡಿನ ಪದರ. ಆ ಜಿಡ್ಡನ್ನ ಹದ ಮಾಡೋ ಎಂಜೈಮು ಒಂದಿದೆ. ಮೂರು ಟ್ಯೂಬಲ್ಲಿ ಒಂದರಲ್ಲಿರೋವುಕ್ಕೆ ನಾನು ಅದನ್ನ ಇಲ್ಲದ ಹಾಗೆ ಮಾಡಿದ್ದೀನಿ. ಪಕ್ಕದಲ್ಲೇ ಬಿಟ್ರೂ ಕೂಡಲ್ಲ. ಉಳಿದೆರಡರಲ್ಲಿ ಎಂಜೈಮು ಇದೆ, ಅವು ಕೂಡ್ತವೆ."

ಓಂಕಾರಪ್ಪ ತಲೆಯಾಡಿಸಿದರು. ಮೆಟ್ಟಿಲ ಕೆಳಗೆ ದಾಕ್ಷಾಯಣಮ್ಮನ ಜೊತೆ ನಿಂತು ಕೇಳುತ್ತಿದ್ದ ಪುಷ್ಪಮ್ಮ ಬಿಡಬೇಕಲ್ಲ.

"ನಿಮ್ಮ ಮಗಳು ರಶ್ಮೀನ ನೋಡಕ್ಕೆ ಬಂದ ಗಂಡಿನವರೆಲ್ಲ ಉಪ್ಪಿಟ್ಟು ತಿಂದು ಬಾಯಿ ಒರೆಸ್ಕೊಂಡು ಹೋಗ್ತಿರೋದು ಯಾವಾಗಿನಿಂದ, ಮಾರಾಯ್ತಿ? ಈ ಟ್ಯೂಬು ಬಂದ ಮೇಲೆ ತಾನೆ?"

ಟ್ಯೂಬು ಬರುವ ಮುಂಚೆಯೂ ಇಬ್ಬರು ಹಾಗೇ ಹೋಗಿದ್ದು ದಾಕ್ಷಾಯಣಮ್ಮನಿಗೆ ನೆನಪಾಗಲೇ ಇಲ್ಲ.

"ಮಧ್ಯಾಹ್ನ ಕುಂಸಿಯವರು ಹುಡುಗಿ ನೋಡಕ್ಕೆ ಬರ್ತಾರೆ," ಎಂದು ಅವರು ಅತುಲ್‌ಗೆ ಕೂಗಿ ಹೇಳಿದರು. " ಅಷ್ಟರೊಳಗೆ ಅದನ್ನ ಚೆಲ್ಲು. ಇಲ್ಲಾಂದ್ರೆ ರೂಮು ಖಾಲಿ ಮಾಡಪ್ಪ."

"ಎರಡು ವರ್ಷದ ಕೆಲಸ, ಅಮ್ಮ."

"ನನ್ನ ಮಗಳದ್ದು ಇಪ್ಪತ್ತಾರು ವರ್ಷದ್ದು."

ಮದುವೆಯಾಗದವನಿಗೆ ಆ ಊರಲ್ಲಿ ರೂಮು ಸಿಗುವುದು ಶಿವದರ್ಶನಕ್ಕಿಂತ ಕಷ್ಟ. ಅತುಲ್ ಕಣ್ಣು ಮುಚ್ಚಿಕೊಂಡು ಆ ಕೂಡದ ಯೀಸ್ಟಿನ ಟ್ಯೂಬನ್ನು ದಾಸವಾಳದ ಬುಡಕ್ಕೆ ಸುರಿದ.

"ಅಷ್ಟಕ್ಕೇ ಆಗಲ್ಲ," ಎಂದರು ಪುಷ್ಪಮ್ಮ. "ಎಂಜೈಮು ಇರೋವನ್ನ ಕೂಡಿಸ್ಲಿ."

ದೇವರ ಕೋಣೆಯಲ್ಲಿ ಅತುಲ್ ಉಳಿದೆರಡು ಟ್ಯೂಬುಗಳನ್ನು ಒಂದಕ್ಕೆ ಸುರಿದ. ಓಂಕಾರಪ್ಪ ಗಂಟೆ ಬಾರಿಸಿದರು. ದಾಕ್ಷಾಯಣಮ್ಮ ಅಕ್ಷತೆ ಹಾಕಿದರು.

"ಕೂಡಿದ್ವಾ?" ಪುಷ್ಪಮ್ಮ ಬಗ್ಗಿ ನೋಡಿದರು.

"ಬರಿಗಣ್ಣಿಗೆ ಕಾಣಲ್ಲ, ಅಮ್ಮ."

"ನೋಡಿದ್ರಾ, ಮುಚ್ಚಿಡ್ತಾನೆ."

ಕುಂಸಿಯವರು ಬಂದರು, ಉಪ್ಪಿಟ್ಟು ತಿಂದರು, ಕೂತಲ್ಲೇ ಒಪ್ಪಿದರು. ಸಂಜೆ ದಾಕ್ಷಾಯಣಮ್ಮ ಸಕ್ಕರೆ ಹಿಡಿದು ಮಹಡಿ ಹತ್ತಿ ಬಂದರು.

"ನಿನ್ನ ಮೇಲೆ ಅನುಮಾನ ಪಟ್ಟಿದ್ದು ತಪ್ಪಾಯ್ತಪ್ಪ. ಶಿವ ನಿನ್ನ ಕೈಯಲ್ಲೇ ಮಾಡಿಸಿದ."

ಹೋದದ್ದು ಹೋಯಿತು, ರೂಮಾದರೂ ಉಳಿಯಿತೆಂದು ಅತುಲ್ ಸಕ್ಕರೆ ಬಾಯಿಗೆ ಹಾಕಿಕೊಂಡ.

"ಹುಡುಗನಿಗೆ ಭದ್ರಾವತೀಲೇ ಕೆಲಸ. ಮದುವೆ ಆದ್ಮೇಲೆ ಇಬ್ರೂ ಈ ರೂಮಲ್ಲೇ ಇರ್ತಾರೆ. ನೀನು ಬೇಗ ಬೇರೆ ಕಡೆ ನೋಡ್ಕೋ," ಎಂದು ಮೆಟ್ಟಿಲಿಳಿಯುತ್ತಾ ದಾಕ್ಷಾಯಣಮ್ಮ ತಿರುಗಿದರು. "ಆ ಕೂಡಿಸಿದ ಟ್ಯೂಬು ಮಾತ್ರ ಫ್ರಿಜ್ಜಲ್ಲೇ ಇರ್ಲಿ. ಮೊಮ್ಮಗು ಆಗೋವರೆಗೂ ಮುಟ್ಬೇಡ."