‘ಯಾಕ ಬೇಕಾಗಿತ್ರಿ?’ ಎನ್ನುವ ಗ್ರಂಥಾಲಯ

‘ಮೌನ ಕಾಪಾಡಿ’ ಎಂಬ ಫಲಕ ನಮ್ಮ ಗ್ರಂಥಾಲಯದಲ್ಲೂ ಇದೆ. ಏನೇ ನಡೆದರೂ ಅದರ ಕೆಳಗೇ ನಡೆಯುತ್ತದೆ. ಗ್ರಂಥಪಾಲಕಿ ಮೇಡಂ ಬಾಗಿಲಿಗೆ ಒಂದು ವಾಟ್ಸ್ಆ್ಯಪ್ ನಂಬರು ಅಂಟಿಸಿ, ‘ಏನು ಬೇಕಾದರೂ ಕೇಳಿ, ಪುಸ್ತಕ ನೋಡಿ ಹೇಳುತ್ತೇವೆ’ ಎಂದು ಬರೆದರು. ವಿಜಯಪುರದ ಮಂದಿ ಆ ಮಾತನ್ನು ಪೂರ್ತಿ ನಂಬಿದರು. ನಾನು ಪಕ್ಕದ ಮೇಜಿನಲ್ಲಿ ಪುಸ್ತಕಗಳಿಗೆ ಮುದ್ರೆ ಒತ್ತುವವನು. ಕಿವಿಗೆ ಬೇರೆ ಕೆಲಸವಿಲ್ಲ.

ಮೇಡಂ ಅವರದು ಒಂದು ಪದ್ಧತಿ. ಯಾರು ಏನು ಕೇಳಿದರೂ ಮೊದಲು ‘ಯಾಕ ಬೇಕಾಗಿತ್ರಿ?’ ಎಂದು ತಿರುಗಿ ಕೇಳುತ್ತಾರೆ. ಜನ ಕೇಳುವುದು ಒಂದು, ಅವರಿಗೆ ಬೇಕಾದದ್ದು ಇನ್ನೊಂದು ಎಂಬುದು ಅವರ ಅನುಭವ. ಆಮೇಲೆ ಉತ್ತರ, ಪುಸ್ತಕದ ಹೆಸರು ಮತ್ತು ಪುಟದ ಸಮೇತ.

ಹದ್ದು

ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಹದ್ದಿನ ಬಗ್ಗೆ ಪುಸ್ತಕ ಕೇಳಿದರು. ಯಾಕೆಂದು ವಿಚಾರಿಸಿದರೆ, ಹಣ್ಣು ತಿನ್ನುವ ಹಕ್ಕಿಗಳನ್ನು ಹೆದರಿಸಬೇಕಿತ್ತಂತೆ. ಹಾಗಾದರೆ ನಿಮಗೆ ಪುಸ್ತಕ ಬೇಡ, ದನಿ ಬೇಕು ಎಂದು ಮೇಡಂ ಫೋನಿನಲ್ಲಿ ಹದ್ದಿನ ಕೂಗು ಹುಡುಕಿ, ಕಳಿಸುವ ಮೊದಲು ಒಮ್ಮೆ ಹಚ್ಚಿ ನೋಡಿದರು. ಅದೇ ಗಳಿಗೆಗೆ ನಮ್ಮ ಮೇಲಧಿಕಾರಿ ಒಳಗೆ ಬಂದರು.

ಓದುವ ಕೋಣೆಯಲ್ಲಿ ಹದ್ದು ಕೂಗುವುದನ್ನು ಅವರು ನಿಂತು ಕೇಳಿದರು. “ಆಫೀಸಿನ್ಯಾಗ ಕುಂತು ಫೋನಿನ್ಯಾಗ ಹರಟಿ ಹೊಡಿಯಾಕತ್ತೀರಿ. ಇದನ್ನ ಬಂದ್ ಮಾಡಸ್ತೇನಿ” ಎಂದು ಹೊರಟುಹೋದರು. ಮೇಡಂ ಕಷ್ಟಪಟ್ಟು ಕಟ್ಟಿದ ಸೇವೆ ಅದು. ಆದರೂ ಅವರು ಹದ್ದನ್ನು ತಿಕೋಟಾಕ್ಕೆ ಕಳಿಸಿದರು.

ಸಂಜೆ ಉತ್ತರ ಬಂತು: “ಹಕ್ಕಿ ಹ್ವಾದವರಿ. ಆದ್ರ ನಮ್ಮ ಕೋಳಿ ಹೊರಸಿನ ಮಂಚದ ಬುಡಕ ಹೊಕ್ಕಾವ, ಹೊರಗ ಬರವಲ್ಲವು. ಅದಕ್ಕೇನರ ಪುಸ್ತಕ ಐತೇನ್ರಿ?”

ಣ

ಬಬಲೇಶ್ವರದ ಯುವಕನೊಬ್ಬ ‘ಣ’ ಅಕ್ಷರದಿಂದ ಶುರುವಾಗುವ ಶಬ್ದ ಕೇಳಿದ. ಯಾಕೆ? ಮಗಳು ಹಸ್ತಾ ನಕ್ಷತ್ರದಲ್ಲಿ ಹುಟ್ಟಿದ್ದಾಳೆ, ಹೆಸರು ‘ಣ’ದಿಂದಲೇ ಆಗಬೇಕೆಂದು ಅವನ ತಾಯಿ ಹಟ ಹಿಡಿದಿದ್ದಾರೆ. ಮೇಡಂ ಊಟ ಬಿಟ್ಟು, ಕಪಾಟಿನಲ್ಲಿದ್ದ ನಿಘಂಟುಗಳನ್ನೆಲ್ಲ ಇಳಿಸಿ ಹುಡುಕಿ, ಹೆಸರಿಗೆ ಆಗುವಂಥದ್ದು ಯಾವುದರಲ್ಲೂ ಇಲ್ಲವೆಂದು ಬಹಳ ಸಂಕೋಚದಿಂದ ತಿಳಿಸಿದರು.

“ಅಷ್ಟ ಬೇಕಾಗಿತ್ರಿ ಮೇಡಂ” ಎಂದು ಆತ ಬರೆದ. “ಅದನ್ನ ಪುಟದ ಸಮೇತ ಕಳಸ್ರಿ, ಅವ್ವಗ ತೋರಸ್ತೇನಿ. ಹೆಸರ ನಾವು ಆಗಲೇ ಇಟ್ಟೇವಿ.”

ಕ್ಷಮೆ

ಜೋರಾಪುರ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ‘ಕ್ಷಮಿಸು’ ಎಂಬುದಕ್ಕೆ ಇನ್ನೊಂದು ಒಳ್ಳೆಯ ಶಬ್ದ ಕೇಳಿದರು. ಹೆಂಡತಿ ಮಾತು ಬಿಟ್ಟಿದ್ದರಂತೆ. ಮೇಡಂ ‘ಮನ್ನಿಸು’ ಎಂಬುದನ್ನು ಆರಿಸಿ, ಅರ್ಥ, ಆಧಾರ, ಪುಟ ಎಲ್ಲ ಬರೆದು ಕಳಿಸಿದರು. ವ್ಯಾಪಾರಿ ಅವಸರದ ಮನುಷ್ಯ. ಬಂದದ್ದನ್ನು ಬಂದಹಾಗೆಯೇ ಹೆಂಡತಿಗೆ ದಾಟಿಸಿದರು.

ಮರುದಿನ ಆಕೆಯೇ ಗ್ರಂಥಾಲಯಕ್ಕೆ ಬಂದು ಆ ನಿಘಂಟು ತೆಗೆಸಿ, ಪುಟ ನೋಡಿದರು. “ಶಬ್ದ ಖರೇ ಐತ್ರಿ. ಮನಸು ಖರೇ ಐತೋ ಇಲ್ಲೋ, ಅದು ಯಾವ ಪುಸ್ತಕದಾಗ ಐತಿ?”

“ಅದು ನಮ್ಮ ಕಪಾಟಿನ್ಯಾಗ ಇಲ್ಲರಿ” ಎಂದರು ಮೇಡಂ. “ನಿಮ್ಮ ಮನ್ಯಾಗ ಹುಡುಕ್ರಿ.”

ಆಕೆ ನಕ್ಕು ಹೋದರು. ಹೋಗುವಾಗ ಸದಸ್ಯತ್ವ ಮಾಡಿಸಿಕೊಂಡರು, ಗಂಡನ ಹೆಸರಿನಲ್ಲಿ.

ನಿಯಮ

ಇತ್ತ ಮೇಲಧಿಕಾರಿಗಳು ಮಾತು ಮರೆತಿರಲಿಲ್ಲ. ಸೇವೆ ನಿಲ್ಲಿಸುವ ಆದೇಶ ಸಿದ್ಧವಾಗಿತ್ತು. ಯಾವ ನಿಯಮದ ಪ್ರಕಾರ ಎಂಬ ಜಾಗ ಮಾತ್ರ ಖಾಲಿ. ಅವರ ಕಚೇರಿಯವರೆಲ್ಲ ಮುಂಜಾನೆಯಿಂದ ಹುಡುಕಿ ಸೋತರು. ಕೊನೆಗೆ ನಮ್ಮ ನಂಬರಿಗೇ ಅಧಿಕಾರಿಗಳ ಸಂದೇಶ ಬಂತು: ಕಚೇರಿ ವೇಳೆಯಲ್ಲಿ ಫೋನಿನ ಹರಟೆ ನಿಲ್ಲಿಸಲು ಯಾವ ನಿಯಮವಿದೆ?

ಮೇಡಂ ವಾಡಿಕೆಯಂತೆ ಬರೆದರು: “ಯಾಕ ಬೇಕಾಗಿತ್ರಿ ಸರ್?”

“ನಿಮ್ಮ ಸೇವಾ ಬಂದ್ ಮಾಡಾಕ.”

“ಆತ್ರಿ ಸರ್, ಒಂದೀಟು ತಡೀರಿ.”

ನಿಯಮ ಸಿಗಲಿಲ್ಲ ಎಂದು ಬರೆಯಿರಿ ಎಂದು ನಾನು ಪಿಸುಗುಟ್ಟಿದೆ. ಅವರು ನನ್ನನ್ನು, ಪುಸ್ತಕದ ಪುಟ ಹರಿದವನನ್ನು ನೋಡುವಂತೆ ನೋಡಿದರು. ಏಣಿ ಹತ್ತಿ, ಧೂಳು ಹಿಡಿದ ಕೈಪಿಡಿ ಇಳಿಸಿ, ತಮ್ಮ ಸೇವೆಯನ್ನು ಮುಚ್ಚಿಸುವ ನಿಯಮವನ್ನು ಚಹಾ ಆರುವುದರೊಳಗೆ ಹುಡುಕಿ, ಪುಟದ ಫೋಟೋ ಸಮೇತ ಕಳಿಸಿದರು. ತಿದ್ದುಪಡಿಯನ್ನೂ ಬಿಡಲಿಲ್ಲ.

ನಾನು ಬಾಗಿಲಿನ ನಂಬರಿನ ಚೀಟಿ ಕೀಳಲು ಎದ್ದೆ. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಈ ಸೇವೆ ಮುಂದುವರಿಸಲು ಬರುವಂಥ ನಿಯಮ ಯಾವುದಾದರೂ ಇದೆಯೇ ಎಂದು ಅಧಿಕಾರಿಗಳು ಕೇಳಿದ್ದರು.

ಮೇಡಂ ಮುಖದ ಗೆರೆಯೊಂದೂ ಅಲುಗಲಿಲ್ಲ. “ಯಾಕ ಬೇಕಾಗಿತ್ರಿ ಸರ್?”

“ಮುಂದ ನಿಯಮ ಬೇಕಾದ್ರ ನಾ ಯಾರನ್ನ ಕೇಳ್ಲಿ?”