ಹಾವು ಸಾಕಿದರೆ ಲಾಭ ಉಂಟಾ?

ಸಂಸಾರಸ್ಥನಾದವನು ಹೆಂಡತಿಯ ತಮ್ಮ ಊಟಕ್ಕೆ ಕೂತಿರುವಾಗ, "ಮುಂದೆ ಏನು ಮಾಡಬೇಕು ಅಂತಿದ್ದೀಯ?" ಎಂದು ಕೇಳಬಾರದು. ಸುಮ್ಮನೆ ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, ಉಂಡು ಎದ್ದುಬಿಡಬೇಕು. ನಾನು ಕೇಳಿದೆ. ಅದರ ಫಲವಾಗಿ ಇವತ್ತು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದವರೂ ನನ್ನನ್ನು ನಿಲ್ಲಿಸಿ, ದನಿ ತಗ್ಗಿಸಿ, "ಹೌದಾ ಮಾರಾಯ್ರೆ, ಹಾವು ಸಾಕಿದ್ರೆ ಲಾಭ ಉಂಟಾ?" ಎಂದು ವಿಚಾರಿಸುತ್ತಾರೆ. ಬಸ್‌ಸ್ಟ್ಯಾಂಡಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ ಇರುವುದರಿಂದ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆದುಬಿಡೋಣ ಎಂದು ಕೂತಿದ್ದೇನೆ.

ನನ್ನ ಹೆಂಡತಿ ಸುಮಿತ್ರಾಳ ತಮ್ಮ ಚಂದ್ರು ಬಸರೀಕಟ್ಟೆಯ ಒಂದು ಎಸ್ಟೇಟಿನಲ್ಲಿ ಜೀಪು ಓಡಿಸುತ್ತಿದ್ದ. ಒಳ್ಳೆಯ ಹುಡುಗ. ಆದರೆ ಅವನಿಗೆ ಯಾವ ಪ್ರಾಣಿ ಕಂಡರೂ ಅದರ ಹಿಂದೆಯೇ ಲಾಭವೂ ಕಾಣುತ್ತದೆ. ಮೊದಲು ಮೊಲ ಸಾಕಿದ. ಮೊಲಗಳು ಹೆಚ್ಚಿದವು, ಆದರೆ ಅಷ್ಟು ಹೊತ್ತಿಗೆ ಎಲ್ಲಕ್ಕೂ ಹೆಸರಿಟ್ಟಿದ್ದರಿಂದ ಕೊಯ್ಯುವವರಿಗೆ ಕೊಡಲು ಮನಸ್ಸು ಬಾರದೆ, ಅತ್ತುಕೊಂಡು ಒಂದೊಂದನ್ನೂ ಸಾಕುವವರಿಗೆ ಹಂಚಿದ. ಆಮೇಲೆ ಗೌಜಲಕ್ಕಿ ಸಾಕಿದ. ಗೂಡಿನ ಬಾಗಿಲು ಹಾಕುವುದನ್ನು ಒಂದು ದಿನ ಮರೆತ. ಈ ನಡುವೆ ನರಸಿಂಹರಾಜಪುರದ ಹುಡುಗಿಯೊಬ್ಬಳು ಅವನಿಗೆ ಮೆಚ್ಚಿಗೆಯಾದಳು, ಅವಳೂ ಇವನನ್ನು ಮೆಚ್ಚಿದಳು. ಅವಳ ತಂದೆ ಶೇಷಪ್ಪಗೌಡರು ಮಾತ್ರ, "ಬೇರೆಯೋರ ಜೀಪು ಓಡ್ಸೋನಿಗೆ ಹೆಣ್ಣು ಕೊಡೋದು ಹೆಂಗೆ? ಸ್ವಂತದ್ದು ಅಂತ ಎಂತಾದ್ರೂ ಮಾಡ್ಲಿ. ಬಂದು ನೋಡಿ ಹೇಳ್ತೀನಿ" ಎಂದು ಮಾತು ನಿಲ್ಲಿಸಿದ್ದರು. ನಾನು ಆ ಪ್ರಶ್ನೆ ಕೇಳಿದ್ದು ಅದೇ ವಾರ.

"ಹಾವು, ಭಾವ" ಎಂದ ಚಂದ್ರು. ನಾನು ಅನ್ನದ ತಟ್ಟೆಯ ಸುತ್ತ ನೋಡಿದೆ. "ಇಲ್ಲಲ್ಲ, ಹಾವು ಸಾಕೋದು. ಬೋವಾ ಅಂತ, ದಕ್ಷಿಣ ಅಮೆರಿಕದ್ದು. ಆಳುದ್ದಕ್ಕಿಂತ ಹೆಚ್ಚು ಬೆಳೀತದೆ, ವಿಷ ಇಲ್ಲ. ನಮ್ಮ ಕಾಡಿಂದಲ್ಲ, ಹಂಗಾಗಿ ಕೇಸಿಲ್ಲ. ಕಾಗದಪತ್ರ ಎಲ್ಲ ಮಾಡ್ಸಿ ಕೊಡ್ತಾರೆ. ಮೊಟ್ಟೆ ಕಾವು ಅನ್ನೋ ರಗಳೆನೂ ಇಲ್ಲ, ಸೀದಾ ಮರಿ ಹಾಕ್ತದೆ. ಪೇಟೆಯೋರು ಕಾರಲ್ಲಿ ಬಂದು ತಗೊಂಡು ಹೋಗ್ತಾರೆ." ನಾನು ಕೇಳಬಾರದ ಎರಡನೆಯ ಪ್ರಶ್ನೆಯನ್ನೂ ಕೇಳಿದೆ: "ಎಲ್ಲಿ ಇಡ್ತೀಯ?" ಅವನು ಅಕ್ಕನ ಮುಖ ನೋಡಿದ. ನಮ್ಮ ಮನೆಯ ಮಹಡಿಯ ಮೇಲೆ ಒಂದೇ ಒಂದು ಕೋಣೆ. ಅಲ್ಲಿ ಸುಮಿತ್ರಾ ಹೆಣ್ಣುಮಕ್ಕಳಿಗೆ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ತಮ್ಮನ ಮದುವೆಯ ಮಾತು ಬಂದ ಮೇಲೆ ಅವಳು ಹೆಚ್ಚು ಯೋಚಿಸಲಿಲ್ಲ. ಹೊಲಿಗೆ ಮಿಷನ್ನುಗಳು ನಮ್ಮ ನಡುಮನೆಗೆ ಇಳಿದವು, ನಾನು ಪೇಪರ್ ಓದುವ ಕುರ್ಚಿ ಬಚ್ಚಲಿನ ಪಕ್ಕಕ್ಕೆ ಹೋಯಿತು, ಮಹಡಿಗೆ ಎರಡು ದೊಡ್ಡ ಗಾಜಿನ ಪೆಟ್ಟಿಗೆಗಳು ಹತ್ತಿದವು, ಒಂದು ಹೆಣ್ಣು ಒಂದು ಗಂಡು ಬೋವಾದೊಡನೆ. ಚಂದ್ರು ಜೀಪಿನ ಕೆಲಸ ಬಿಟ್ಟು ನಮ್ಮಲ್ಲೇ ಉಳಿದ.

ಹಾವುಗಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ಅವು ಮಾತಾಡುವುದಿಲ್ಲ, ಟಿವಿ ಹಾಕುವುದಿಲ್ಲ, ವಾರಗಟ್ಟಲೆ ಉಣ್ಣುವುದಿಲ್ಲ. ನಮ್ಮ ಮನೆಗೆ ಬಂದ ನೆಂಟರಲ್ಲಿ ಇಷ್ಟು ಮರ್ಯಾದಸ್ಥರು ಕಡಿಮೆ. ಆದರೆ ಅವಕ್ಕೆ ಸೆಕೆ ಬೇಕು, ಕೊಪ್ಪದಲ್ಲಿ ಅದೇ ಇಲ್ಲ. ಚಂದ್ರು ಬಲ್ಬು ಉರಿಸಿ ಬೆಚ್ಚಗೆ ಇಡುತ್ತಿದ್ದ. ಕರೆಂಟು ಹೋದ ದಿನ ನನ್ನ ಸೊಂಟದ ನೋವಿಗೆಂದು ತಂದಿದ್ದ ರಬ್ಬರಿನ ಬಿಸಿನೀರು ಚೀಲ ಮಹಡಿ ಹತ್ತಿತು, ಮತ್ತೆ ಇಳಿಯಲಿಲ್ಲ. ನಾನು ಗೊಣಗಿದರೆ ಸುಮಿತ್ರಾ, "ನಿಮಗಾದ್ರೆ ಅಮೃತಾಂಜನ ಉಂಟು, ಅದಕ್ಕೆ ಎಂತ ಉಂಟು?" ಎನ್ನುತ್ತಿದ್ದಳು. ನಾನು ಅಮೃತಾಂಜನ ಹಚ್ಚಿಕೊಂಡು ಅಂಗಡಿಗೆ ಹೋಗುತ್ತಿದ್ದೆ.

ಚಂದ್ರುವಿನ ಲೆಕ್ಕ ತಪ್ಪಿದ್ದು ಹಾವಿನಲ್ಲಲ್ಲ, ಊರಿನಲ್ಲಿ. ಬೇರೆ ಕಡೆ ಒಬ್ಬರ ಮನೆಯಲ್ಲಿ ಹಾವಿದೆ ಎಂದರೆ ಜನ ದೂರ ಹೋಗುತ್ತಾರೋ ಏನೋ. ನಮ್ಮಲ್ಲಿ ಹತ್ತಿರ ಬರುತ್ತಾರೆ, ಹಾಲು ತರುತ್ತಾರೆ. ಹೊಲಿಗೆ ಕ್ಲಾಸಿನ ಹುಡುಗಿಯರು ಮೊದಲೆರಡು ದಿನ ಹೆದರಿ ಬರಲಿಲ್ಲ ನಿಜ. ಮೂರನೆಯ ದಿನ ಪಕ್ಕದ ಮನೆಯ ಪದ್ದಕ್ಕ ಸ್ನಾನ ಮಾಡಿ, ಅಡಿಕೆಯ ಹಿಂಗಾರ, ಅರಿಶಿನ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. "ಪದ್ದಕ್ಕ, ಇದು ಪೂಜೆಯ ಹಾವಲ್ಲ, ಬಿಸಿನೆಸ್ಸಿನ ಹಾವು. ಇದಕ್ಕೆ ಹೆಡೆನೂ ಇಲ್ಲ" ಎಂದ ಚಂದ್ರು. "ಪರದೇಶದ್ದಲ್ವನಾ, ಅಲ್ಲಿ ಹಂಗೇ ಇರ್ತದೇನೋ" ಎಂದು ಪದ್ದಕ್ಕ ಪೆಟ್ಟಿಗೆಗೆ ಅರಿಶಿನ ಹಚ್ಚಿ, ಮಗಳ ಸಂಬಂಧ ಕುದುರಲೆಂದು ಹರಕೆ ಹೊತ್ತುಕೊಂಡರು. ನಮ್ಮ ದುರದೃಷ್ಟಕ್ಕೆ ಅದು ಕುದುರಿತು. ಅಲ್ಲಿಂದ ಮುಂದೆ ಮಂಗಳವಾರ ಬಂತೆಂದರೆ ನಮ್ಮ ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ಸಾಲು. ಕೋಳಿ ಅಂಗಡಿಯ ರಫೀಕ್ ಸಾಹೇಬರು ಹಾವಿಗೆಂದು ಕೋಳಿಮರಿ ಕಳಿಸುತ್ತಿದ್ದರು, ಒಂದು ದಿನ ಅವರೇ ಫೋನ್ ಮಾಡಿ, "ಇವತ್ತು ಮಂಗಳವಾರ ಅಲ್ವಾ ಚಂದ್ರು, ನಿಮ್ಮಲ್ಲಿ ನಡೀತದಾ?" ಎಂದು ಕೇಳಿದರಂತೆ. ಆವತ್ತಿನಿಂದ ಹಾವಿಗೆ ಮಂಗಳವಾರ, ಪಂಚಮಿ, ಸಂಕ್ರಾಂತಿ ಉಪವಾಸ. ನಮ್ಮ ಮನೆಯಲ್ಲಿ ವ್ರತವನ್ನು ಚಾಚೂ ತಪ್ಪದೆ ಮಾಡಿದವರು ಅವೆರಡೇ.

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಅಂಗಡಿಯಲ್ಲಿ ನಾಲ್ಕು ಜನರೆದುರು ಅದನ್ನು ಹೇಳಿಯೂ ಇದ್ದೇನೆ. ಆದರೆ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ, ಸೊಂಟ ವಿಪರೀತ ನೋಯುತ್ತಿತ್ತು. ನನ್ನ ಚೀಲ ತರೋಣವೆಂದು ಮಹಡಿಗೆ ಹೋದೆ. ಹೆಣ್ಣು ಬೋವಾ ಅದರ ಮೇಲೆ ತಲೆಯಿಟ್ಟು ಮಲಗಿತ್ತು. ಎಬ್ಬಿಸುವ ಧೈರ್ಯವಾಗಲಿಲ್ಲ. ಆಮೇಲೆ ಅತ್ತಿತ್ತ ನೋಡಿ ಕೈ ಮುಗಿದು, "ನೀವು ಈ ಮನೆ ಬಿಟ್ಟು ಸುಖವಾಗಿ ಎಲ್ಲಾದರೂ ಹೋದರೆ ಒಂದು ತೆಂಗಿನಕಾಯಿ ಒಡೆಸುತ್ತೇನೆ" ಎಂದೆ. ಅದು ಕಣ್ಣು ಮಿಟುಕಿಸಲಿಲ್ಲ. ಹಾವಿಗೆ ರೆಪ್ಪೆ ಇರುವುದಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಕೊನೆಗೆ ಹೆಣ್ಣು ಬೋವಾ ಮರಿ ಹಾಕಿತು, ಒಂದು ಬುಟ್ಟಿ ತುಂಬ ಆಗುವಷ್ಟು. ಚಂದ್ರುವಿನ ಮುಖವನ್ನು ನಾನು ಅಷ್ಟು ಬೆಳಗಿದ್ದು ನೋಡಿರಲಿಲ್ಲ. ಅದೇ ದಿನ ಪೇಟೆಯ ವ್ಯಾಪಾರಿಗೆ ಫೋನ್ ಮಾಡಿದ, ಶೇಷಪ್ಪಗೌಡರಿಗೂ ಮಾಡಿದ. ಮೂರನೆಯ ದಿನ ವ್ಯಾಪಾರಿ ಕಾರಿನಲ್ಲಿ ಬಂದರೆ ಮೆಟ್ಟಿಲ ಮೇಲೆ ಪದ್ದಕ್ಕ ಮತ್ತು ಸಂಗಡಿಗರು ಕೂತಿದ್ದರು. "ಮನೇಲಿ ಹೆರಿಗೆ ಆಗಿದೆ, ಪುರುಡಿನ ಮೈಲಿಗೆ ಇನ್ನೂ ಕಳೀಲಿಲ್ಲ. ಪುಣ್ಯಾಹ ಆಗದೆ ಎಳೆ ಮಕ್ಕಳನ್ನ ಹೊಸ್ತಿಲು ದಾಟಿಸೋದುಂಟಾ?" ಎಂದರು ಪದ್ದಕ್ಕ. ವ್ಯಾಪಾರಿ ಬೆಂಗಳೂರಿನವನು. ಪುರುಡು ಎಂದರೆ ಸರ್ಕಾರದ ಯಾವುದೋ ಹೊಸ ನಿಯಮ ಎಂದುಕೊಂಡು, ಹನ್ನೊಂದನೆಯ ದಿನ ಬರುತ್ತೇನೆಂದು ಒಪ್ಪಿ ಹೋದ.

ಹನ್ನೊಂದನೆಯ ದಿನ ವ್ಯಾಪಾರಿಯೂ ಬಂದ, ಶೇಷಪ್ಪಗೌಡರೂ ಬಂದರು. ಗೌಡರು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು, ಮೇಲೆ ಹೋಗಿ, ಅರಿಶಿನ ಕುಂಕುಮ ಮೆತ್ತಿದ ಪೆಟ್ಟಿಗೆಗಳಿಗೆ ಕೈ ಮುಗಿದರು. ಆಮೇಲೆ ಮೆತ್ತಗೆ, "ಚಂದ್ರು, ಜೀಪೇ ಓಡ್ಸು. ನಂಗೆ ಬೇಜಾರಿಲ್ಲ. ನಾಗನ ಮಕ್ಕಳನ್ನ ಮಾರಿದ ಮನೆಗೆ ಮಾತ್ರ ನನ್ನ ಮಗಳನ್ನ ಕೊಡಕ್ಕಾಗಲ್ಲ" ಎಂದರು. ಚಂದ್ರು ಬುಟ್ಟಿಯನ್ನು ನೋಡಿದ, ಅಕ್ಕನನ್ನು ನೋಡಿದ. ಇಟ್ಟುಕೊಂಡರೆ ಸಾಕುವ ತಾಕತ್ತಿಲ್ಲ. ಕಾಡಿಗೆ ಬಿಡುವಂತಿಲ್ಲ, ಬಿಟ್ಟರೆ ನಮ್ಮ ಚಳಿಗೆ ಅವು ಉಳಿಯುವುದೂ ಇಲ್ಲ. ಕಡೆಗೆ ಪದ್ದಕ್ಕನೇ ದಾರಿ ತೋರಿಸಿದರು: "ಮಾರಿದ್ರೆ ತಾನೆ ಪಾಪ. ಕೊಟ್ಟು ಕಳ್ಸಿದ್ರೆ ಎಂತ?" ಗೌಡರು ತಲೆಯಾಡಿಸಿ, "ತಾಯಿ ಮಕ್ಕಳನ್ನ ಅಗಲಿಸ್ಬೇಡಿ, ಅಪ್ಪನೂ ಒಟ್ಟಿಗೇ ಹೋಗ್ಲಿ" ಎಂದು ಸೇರಿಸಿದರು.

ಹೀಗೆ ಆ ವ್ಯಾಪಾರಿ, ಬಿಡಿಗಾಸು ಕೊಡದೆ, ಇಡೀ ಹಾವಿನ ಸಂಸಾರವನ್ನೂ ಮೇಲೆ ಎಲೆ ಅಡಿಕೆ ಬಾಳೆಹಣ್ಣನ್ನೂ ಪಡೆದುಕೊಂಡ. ಸುಮಿತ್ರಾ ಬುಟ್ಟಿಗೆ ಕುಂಕುಮವಿಟ್ಟು ಕಣ್ಣೊರೆಸಿಕೊಂಡಳು. ಅವನು ಇದುವರೆಗೆ ಎಷ್ಟು ಕಡೆ ಹಾವು ಕೊಂಡಿದ್ದನೋ, ಇಂಥ ಬೀಳ್ಕೊಡುಗೆ ಕಂಡಿರಲಾರ. ಚಂದ್ರು ನನ್ನ ಬಿಸಿನೀರು ಚೀಲವನ್ನೂ ಕಾರಿನೊಳಗೆ ಇಟ್ಟು, "ಗಂಡಿಗೆ ಬಲ್ಬಿನ ಬೆಳಕು ಆಗಲ್ಲ, ನೋಡ್ಕಳಿ" ಎಂದು ಎರಡು ಸಲ ಹೇಳಿದ. ಕಾರು ಹೋದ ಮೇಲೆ ಮಹಡಿಗೆ ಹೋಗಿ ಖಾಲಿ ಪೆಟ್ಟಿಗೆಯ ಗಾಜು ಒರೆಸುತ್ತಾ ಕೂತ. ನಾನು ಊಟಕ್ಕೆ ಕರೆಯಲು ಹೋದವನು ಬಾಗಿಲಲ್ಲೇ ನಿಂತೆ. ಅವನು ಮೊಲಕ್ಕೂ ಇಷ್ಟು ಅತ್ತಿರಲಿಲ್ಲ. ನನ್ನ ಹರಕೆ ನೆನಪಾಗಿ, ಊಟಕ್ಕೆ ಕರೆಯದೆಯೇ ಕೆಳಗಿಳಿದು ಬಂದೆ. ನಂಬದವನ ಹರಕೆಯೂ ನಾಟುತ್ತದೆಂದು ನನಗೇನು ಗೊತ್ತು?

ಮದುವೆ ನರಸಿಂಹರಾಜಪುರದಲ್ಲಿ ಚೆನ್ನಾಗಿಯೇ ನಡೆಯಿತು. ಚಂದ್ರು ಮತ್ತೆ ಜೀಪು ಓಡಿಸುತ್ತಿದ್ದಾನೆ, ಹೆಂಡತಿಯೊಡನೆ ಸುಖವಾಗಿದ್ದಾನೆ. ಮಹಡಿಯಲ್ಲಿ ಹೊಲಿಗೆ ಕ್ಲಾಸು ತುಂಬಿದೆ, ಗಾಜಿನ ಪೆಟ್ಟಿಗೆಯಲ್ಲಿ ಬಟ್ಟೆ ತುಂಡುಗಳಿವೆ. ಕಳೆದ ವಾರ ನಾನು ಒಂದು ತೆಂಗಿನಕಾಯಿಯನ್ನು ಅಂಗಡಿಯ ಚೀಲದಲ್ಲಿ ಅಡಗಿಸಿಕೊಂಡು ನಾಗರಕಟ್ಟೆಯ ಕಡೆ ಹೊರಟಿದ್ದೆ. ಬಾಗಿಲಲ್ಲಿ ಸುಮಿತ್ರಾ ಹಿಡಿದಳು. ಅವಳ ಕೈಯಲ್ಲೂ ಒಂದು ಕಾಯಿ.

"ನಾನು ಚಂದ್ರು ಮದುವೆ ಆಗ್ಲಿ ಅಂತ ಆ ಪೆಟ್ಟಿಗೆ ಮುಂದೆ ಹರಕೆ ಹೊತ್ತಿದ್ದೆ" ಎಂದಳು. "ನೀವು ಎಂತಕ್ಕೆ ಹೊತ್ತಿದ್ರಿ?"

"ಅದಕ್ಕೇ" ಎಂದೆ.

ಅವಳು ನನ್ನನ್ನು ನೋಡಿದ ಪ್ರೀತಿಯನ್ನು ಮದುವೆಯಾದ ಹೊಸತರಲ್ಲಿ ಬಿಟ್ಟರೆ ಮತ್ತೆ ಕಂಡ ನೆನಪಿಲ್ಲ. "ಹಂಗಾದ್ರೆ ಇಬ್ರದ್ದೂ ಸೇರಿ ಒಂದೇ ಕಾಯಿ ಸಾಕು ಬಿಡಿ" ಎಂದು ನನ್ನ ಕೈಯಲ್ಲಿದ್ದುದನ್ನು ತೆಗೆದುಕೊಂಡು ಅಡುಗೆಮನೆಯಲ್ಲಿಟ್ಟಳು. ಆ ಮಧ್ಯಾಹ್ನ ಅದರದೇ ಚಟ್ನಿ. ಬಸ್‌ಸ್ಟ್ಯಾಂಡಿನ ಮಹನೀಯರೇ, ನೀವು ಕೇಳುತ್ತಿರುವ ಲಾಭ ಅಷ್ಟೇ: ಒಂದು ತೆಂಗಿನಕಾಯಿ. ಅದನ್ನೂ ನಾನು ಸುಳ್ಳು ಹೇಳಿ ಗಳಿಸಿದ್ದು.